ಕೂಗಳತೆಯ ಬಾನುಲಿ

ಮೈಸೂರಿನ ಯಾದವಗಿರಿಯಲ್ಲಿ, ಇಂದಿನ ಆಕಾಶವಾಣಿ ನಿಲಯದಿಂದ ಕೂಗಳತೆಯ ದೂರದಲ್ಲಿ, 'ವಿಠಲ ವಿಹಾರ' ಎಂಬ ಮನೆಯಿತ್ತು. 1935ರ ಸೆಪ್ಟೆಂಬರ್ 10ರಂದು ಆ ಮನೆಯೊಳಗಿಂದ ಹೊರಟ ದನಿಯೊಂದು ಗಾಳಿಯಲ್ಲಿ ತೇಲಿ ಊರಿನ ಕೆಲವು ಮನೆಗಳನ್ನು ತಲಪಿತು. ಆ ದನಿಯನ್ನು ಹೊತ್ತೊಯ್ದ ಪ್ರೇಷಕಯಂತ್ರದ ಶಕ್ತಿ ಕೇವಲ 30 ವ್ಯಾಟ್. ನಮ್ಮ ಹಿರಿಯರು ಜಗಲಿಯಲ್ಲಿ ಉರಿಸುತ್ತಿದ್ದ ವಿದ್ಯುದ್ದೀಪಕ್ಕೂ ಅದಕ್ಕಿಂತ ಹೆಚ್ಚು ಶಕ್ತಿ ಬೇಕಾಗುತ್ತಿತ್ತು. ಯಂತ್ರದ ಒಡೆತನ ಸರ್ಕಾರದ್ದಲ್ಲ, ಕಂಪನಿಯದೂ ಅಲ್ಲ. ಅದು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಬೋಧಿಸುತ್ತಿದ್ದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರದು.

ಈ ಸಾಹಸದ ಬೆಲೆಯನ್ನು ತಿಳಿಯಬೇಕಾದರೆ ಅಂದಿನ ಪರಿಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಭಾರತದಲ್ಲಿ ವ್ಯವಸ್ಥಿತ ಪ್ರಸಾರ ಪ್ರಾರಂಭವಾದದ್ದು 1927ರಲ್ಲಿ. ಆ ವರ್ಷ ಜುಲೈಯಲ್ಲಿ ಮುಂಬಯಿ, ಆಗಸ್ಟ್‌ನಲ್ಲಿ ಕಲ್ಕತ್ತ, ಹೀಗೆ ಎರಡು ನಿಲಯಗಳನ್ನು 'ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ' ಎಂಬ ಖಾಸಗಿ ಸಂಸ್ಥೆ ತೆರೆಯಿತು. ಮೂರು ವರ್ಷ ತುಂಬುವ ಮೊದಲೇ ಅದು ದಿವಾಳಿಯಾಯಿತು. ಇಡೀ ದೇಶದಲ್ಲಿ ರೇಡಿಯೊ ಪರವಾನಗಿ ಪಡೆದವರ ಸಂಖ್ಯೆ ಆಗ ಹತ್ತು ಸಾವಿರವನ್ನೂ ಮುಟ್ಟಿರಲಿಲ್ಲ. 1930ರಲ್ಲಿ ಸರ್ಕಾರ ಒಲ್ಲದ ಮನಸ್ಸಿನಿಂದಲೇ ಆ ಹೊಣೆಯನ್ನು ಹೊತ್ತಿತು. 1936ರಲ್ಲಿ ಅದಕ್ಕೆ 'ಆಲ್ ಇಂಡಿಯಾ ರೇಡಿಯೊ' ಎಂದು ಹೆಸರಿಟ್ಟಿತು. ದೊಡ್ಡ ಬಂಡವಾಳದ ಕಂಪನಿಯೊಂದು ಎರಡು ಮಹಾನಗರಗಳಲ್ಲಿ ಸೋತ ಕೆಲಸಕ್ಕೆ, ಐದು ವರ್ಷಗಳ ತರುವಾಯ ಮೈಸೂರಿನ ಮೇಷ್ಟರೊಬ್ಬರು ತಮ್ಮ ಮನೆಯಲ್ಲೇ ಕೈ ಹಾಕಿದರೆಂಬುದು ಗಮನಾರ್ಹ.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ವ್ಯಾಸಂಗ ಮಾಡಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದವರು. ಮನುಷ್ಯರ ಮನಸ್ಸು ಹೇಗೆ ಕೇಳುತ್ತದೆ, ಹೇಗೆ ಕಲಿಯುತ್ತದೆ ಎಂಬುದೇ ಅವರ ವೃತ್ತಿಯ ವಿಷಯ. ಬಾನುಲಿಯ ಕಡೆಗೆ ಅವರ ಗಮನ ಹರಿದದ್ದು ಈ ದೃಷ್ಟಿಯಿಂದ ಆಶ್ಚರ್ಯವೇನಲ್ಲ. ಹಲವು ವರ್ಷ ಅವರು ಬಹುಮಟ್ಟಿಗೆ ಸ್ವಂತ ಹಣದಿಂದಲೇ ನಿಲಯವನ್ನು ನಡೆಸಿದರು. ಊರಿನ ಸಂಗೀತಗಾರರು ಹಾಡಿದರು, ಸಾಹಿತಿಗಳೂ ಅಧ್ಯಾಪಕರೂ ಮಾತನಾಡಿದರು. ಮುಂದೆ ನಗರಸಭೆಯ ನೆರವು ದೊರೆಯಿತು. 1942ರ ಜನವರಿಯಲ್ಲಿ ಮೈಸೂರು ಸಂಸ್ಥಾನವೇ ನಿಲಯವನ್ನು ವಹಿಸಿಕೊಂಡಿತು.

ಆ ನಿಲಯಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಈ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹಲವರು, ಗೋಪಾಲಸ್ವಾಮಿಯವರೇ ಎಂದು ಕೆಲವರು ಹೇಳುತ್ತಾರೆ. ನಗೆಬರಹಕ್ಕೆ ಹೆಸರಾದ ಕಸ್ತೂರಿಯವರು ಆ ನಿಲಯದಲ್ಲಿ ಗೋಪಾಲಸ್ವಾಮಿಯವರ ಬಲಗೈಯಾಗಿದ್ದವರು. ಇಬ್ಬರಲ್ಲಿ ಯಾರಿಗೆ ಕೀರ್ತಿ ಸಂದರೂ ಅದು ಆ ಮನೆಯ ಹೊಸಿಲೊಳಗೇ ಉಳಿಯುತ್ತದೆ. 1950ರ ದಶಕದಲ್ಲಿ ಕೇಂದ್ರ ಸರ್ಕಾರ ಇಡೀ ದೇಶದ ಪ್ರಸಾರ ಸಂಸ್ಥೆಗೆ ಈ ಹೆಸರನ್ನೇ ತೆಗೆದುಕೊಂಡಿತು. 2023ರಲ್ಲಿ ಆಂಗ್ಲ ಹೆಸರನ್ನು ಪೂರ್ತಿಯಾಗಿ ಕೈಬಿಟ್ಟು, ಎಲ್ಲ ಭಾಷೆಗಳಲ್ಲೂ ಇನ್ನು ಇದೊಂದೇ ಹೆಸರು ಎಂದು ಆದೇಶವಾಯಿತು.

ನಮ್ಮ ಧರ್ಮಸಭೆಯ ಇತಿಹಾಸ ಬಲ್ಲ ವಾಚಕರಿಗೆ ಇಲ್ಲಿ ಇನ್ನೊಂದು ದಿನಾಂಕ ನೆನಪಾಗಬಹುದು. ಮೈಸೂರಿನ ಪ್ರಯೋಗಕ್ಕೆ ನಾಲ್ಕು ವರ್ಷ ಮೊದಲು, 1931ರ ಫೆಬ್ರವರಿ 12ರಂದು, ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು ವ್ಯಾಟಿಕನ್ ರೇಡಿಯೊವನ್ನು ಉದ್ಘಾಟಿಸಿದರು. ಅದನ್ನು ಕಟ್ಟಿಕೊಟ್ಟವರು ಸ್ವತಃ ಮಾರ್ಕೋನಿಯವರು. ಆ ದನಿ ಸಮುದ್ರಗಳನ್ನು ದಾಟಿ ಲೋಕಕ್ಕೆಲ್ಲ ಕೇಳಬೇಕೆಂದು ಹೊರಟಿತ್ತು. ಮೈಸೂರಿನದು ಪಕ್ಕದ ಬೀದಿಗೆ ಕೇಳಿದರೆ ಸಾಕೆಂದು ಹೊರಟ ದನಿ. ಎರಡಕ್ಕೂ ಅವುಗಳದೇ ಆದ ಘನತೆಯಿದೆ. ಆದರೆ ಬಾನುಲಿಯ ಚರಿತ್ರೆ ಬರೆದವರು ದೂರ ಮುಟ್ಟಿದ ದನಿಗಳನ್ನು ಲೆಕ್ಕವಿಟ್ಟಷ್ಟು ಆಸ್ಥೆಯಿಂದ ಹತ್ತಿರದ ದನಿಗಳನ್ನು ಲೆಕ್ಕವಿಟ್ಟಿಲ್ಲ. ಪ್ರಸ್ತುತ ಲೇಖನ ಈ ಹತ್ತಿರದ ದನಿಗಳನ್ನು ಕುರಿತದ್ದು.

'ಕೂಗಳತೆ' ನಮ್ಮ ಹಳ್ಳಿಗರ ಅಳತೆ. ಒಬ್ಬನು ಕೂಗಿದರೆ ಇನ್ನೊಬ್ಬನಿಗೆ ಕೇಳುವಷ್ಟು ದೂರ ಎಂದು ಅದರ ಅರ್ಥ. ಕೇಳಿಸಿಕೊಂಡವನು ಓಗೊಟ್ಟರೆ ಕೂಗಿದವನಿಗೂ ಅದು ಕೇಳುತ್ತದೆ. ದೊಡ್ಡ ಪ್ರೇಷಕಗಳಿಗೆ ಸಾವಿರ ಮೈಲಿ ಕೂಗುವ ಶಕ್ತಿಯಿದೆ. ಓಗೊಟ್ಟದ್ದನ್ನು ಕೇಳುವ ಶಕ್ತಿ ಯಂತ್ರದಿಂದ ಬರುವುದಿಲ್ಲ.

ಭಾರತ ಸ್ವತಂತ್ರವಾದ ಮೇಲೆ ಸಂಸ್ಥಾನಗಳ ನಿಲಯಗಳು ಕೇಂದ್ರದ ವಶಕ್ಕೆ ಬಂದವು. ಮೈಸೂರಿನ ನಿಲಯ 1950ರ ಏಪ್ರಿಲ್‌ನಲ್ಲಿ ಹಸ್ತಾಂತರವಾಯಿತು. 1955ರ ನವೆಂಬರ್ 2ರಂದು ಬೆಂಗಳೂರಿನಲ್ಲಿ ಹೆಚ್ಚು ಶಕ್ತಿಯ ನಿಲಯ ತೆರೆದೊಡನೆ ಮೈಸೂರಿನ ಪ್ರಸಾರ ನಿಂತುಹೋಯಿತು. ಆಡಳಿತದ ಲೆಕ್ಕದಲ್ಲಿ ಇದು ಸರಿಯೇ: ಬೆಂಗಳೂರಿನ ದನಿ ಮೈಸೂರಿಗೂ ಕೇಳುತ್ತಿರುವಾಗ ಎರಡನೆಯ ನಿಲಯವೇಕೆ? ಆದರೆ ಮೈಸೂರಿನ ದನಿ ಮೈಸೂರಿಗೇ ಕೇಳುವುದು ನಿಂತಿತೆಂಬುದು ಆ ಲೆಕ್ಕದ ಯಾವ ಕಲಮಿನಲ್ಲಿಯೂ ಬರಲಿಲ್ಲ. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆಲ್ಲ ಹಬ್ಬುತ್ತಿದ್ದ ಕಾಲದಲ್ಲಿಯೇ ಅದು ಹುಟ್ಟಿದ ಊರು ಮೌನವಾಗಿತ್ತು. 1974ರ ನವೆಂಬರ್ 14ರಂದು ಅಲ್ಲಿ ಮತ್ತೆ ಪ್ರಸಾರ ಆರಂಭವಾಗುವವರೆಗೆ ಹತ್ತೊಂಬತ್ತು ವರ್ಷಗಳು ಕಳೆದವು.

ಹಾಗೆಂದು ದೊಡ್ಡ ನಿಲಯಗಳ ಸೇವೆಯನ್ನು ಕೀಳುಗಳೆಯುವುದು ಅನ್ಯಾಯ. 1950ರ ಜನವರಿ 8ರಂದು ಪ್ರಾರಂಭವಾದ ಧಾರವಾಡ ನಿಲಯವನ್ನೇ ನೋಡಿ. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತದ ಸಲಹೆಗಾರರಾಗಿದ್ದರು, ದ. ರಾ. ಬೇಂದ್ರೆಯವರು ಸಾಹಿತ್ಯದ ಸಲಹೆಗಾರರಾಗಿದ್ದರು. ಊರಿನ ಗಲ್ಲಿಯಲ್ಲಿ ನಡೆದುಹೋಗುವಾಗ ಎದುರಾಗುವ ಹಿರಿಯರೇ ಸಂಜೆ ಬಾನುಲಿಯಲ್ಲೂ ಎದುರಾಗುತ್ತಿದ್ದರು. ಕರ್ನಾಟಕದ ಏಕೀಕರಣಕ್ಕೆ ಇನ್ನೂ ಆರು ವರ್ಷಗಳಿರುವಾಗಲೇ ಮುಂಬಯಿ ಪ್ರಾಂತ್ಯದ ಕನ್ನಡಿಗರಿಗೆ ತಮ್ಮದೇ ಮಾತಿನ ವರಸೆಯಲ್ಲಿ ಮಾತನಾಡುವ ನಿಲಯವೊಂದು ಸಿಕ್ಕಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಬೆಂಗಳೂರು ನಿಲಯದ ಗ್ರಾಮೀಣ ಕಾರ್ಯಕ್ರಮದಲ್ಲಿ 'ಈರಣ್ಣ' ಎಂಬ ಪಾತ್ರವಿತ್ತು. ಆ ದನಿ ರಂಗಕರ್ಮಿ ಎ. ಎಸ್. ಮೂರ್ತಿಯವರದು. ಗೊಬ್ಬರ, ಬಿತ್ತನೆಬೀಜ, ಮಕ್ಕಳ ಲಸಿಕೆ ಮೊದಲಾದ ಸರ್ಕಾರದ ಒಣ ವಿಷಯಗಳನ್ನೂ ಈರಣ್ಣನ ಬಾಯಲ್ಲಿ ಕೇಳಿದರೆ ಕಟ್ಟೆಯ ಹರಟೆಯಂತಿರುತ್ತಿತ್ತು. ಪಾತ್ರ ಎಷ್ಟರಮಟ್ಟಿಗೆ ಜನರಿಗೆ ಹತ್ತಿರವಾಯಿತೆಂದರೆ, ಮೂರ್ತಿಯವರು 2012ರಲ್ಲಿ ತೀರಿಕೊಂಡಾಗಲೂ ಜನ ಅವರನ್ನು ನೆನೆದದ್ದು 'ಆಕಾಶವಾಣಿ ಈರಣ್ಣ'ನೆಂದೇ.

ಅಂದಿನ ಹಳ್ಳಿಗಳಲ್ಲಿ ಮನೆಗೊಂದು ರೇಡಿಯೊ ಎಲ್ಲಿಯದು? ಪಂಚಾಯಿತಿ ಕಟ್ಟಡಕ್ಕೆ ಸರ್ಕಾರ ಕೊಟ್ಟ ಒಂದು ಪೆಟ್ಟಿಗೆ, ಅದಕ್ಕೊಂದು ಧ್ವನಿವರ್ಧಕ. ಸಂಜೆ ಹೊಲದಿಂದ ಬಂದವರು ಚಾವಡಿಯ ಮುಂದೆ ಕುಳಿತು ಪೇಟೆ ಧಾರಣೆ, ಪ್ರದೇಶ ಸಮಾಚಾರ, ಕೃಷಿರಂಗ ಕೇಳುತ್ತಿದ್ದರು. ಮನೆಗೆ ಸೆಟ್ಟು ತಂದವರು ಪ್ರತಿವರ್ಷ ಅಂಚೆ ಕಚೇರಿಗೆ ಹೋಗಿ ಪರವಾನಗಿಯ ಶುಲ್ಕ ಕಟ್ಟಬೇಕಿತ್ತು. ರೇಡಿಯೊ ಕೇಳಲು ಪರವಾನಗಿಯೇ ಎಂದು ಈಗಿನ ಮಕ್ಕಳು ನಗಬಹುದು. 1980ರ ದಶಕದ ಮಧ್ಯದವರೆಗೂ ಆ ಪದ್ಧತಿಯಿತ್ತು. ಮುಂಜಾನೆಯ ಭಕ್ತಿಗೀತೆಗಳ ಸಾಲಿನಲ್ಲಿ ದಾಸರ ಪದದ ಬೆನ್ನಿಗೇ ಕ್ರಿಸ್ತಗೀತೆಯೊಂದು ಬರುತ್ತಿದ್ದುದನ್ನು ನಮ್ಮ ಧರ್ಮಕೇಂದ್ರಗಳ ಹಿರಿಯರು ಈಗಲೂ ಸ್ಮರಿಸುತ್ತಾರೆ. ಊರಿನಲ್ಲಿ ನಾಲ್ಕೇ ಕ್ರೈಸ್ತ ಮನೆಗಳಿದ್ದರೂ, ಆ ಗೀತೆ ಚಾವಡಿಯ ಧ್ವನಿವರ್ಧಕದಿಂದ ಊರಿಗೆಲ್ಲ ಕೇಳುತ್ತಿತ್ತು. ಸಾರ್ವಜನಿಕ ಬಾನುಲಿ ಎಂಬ ಮಾತಿನ ಅರ್ಥವನ್ನು ಆ ನಾಲ್ಕು ಮನೆಗಳವರಿಗೆ ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆದರೆ ಚಾವಡಿಯಲ್ಲಿ ಕುಳಿತವರು ಕೇಳಿದ್ದರಿಂದ ಏನಾಯಿತು? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿ, ಉತ್ತರ ಪಡೆದ ಪ್ರಯೋಗವೊಂದು 1956ರಲ್ಲಿ ನಮ್ಮ ನೆರೆಯ ಪುಣೆಯ ಸುತ್ತಲಿನ ಐದು ಜಿಲ್ಲೆಗಳಲ್ಲಿ ನಡೆಯಿತು. ಕೆನಡಾ ದೇಶದಲ್ಲಿ 1941ರಿಂದ ರೈತರ ಬಾನುಲಿ ಕೂಟಗಳು ನಡೆದಿದ್ದವು. ನೆರೆಹೊರೆಯವರು ಒಂದು ಮನೆಯಲ್ಲಿ ಸೇರಿ ಕಾರ್ಯಕ್ರಮ ಕೇಳುವುದು, ಅದನ್ನು ಚರ್ಚಿಸುವುದು, ತಮ್ಮ ಅಭಿಪ್ರಾಯವನ್ನು ನಿಲಯಕ್ಕೆ ಬರೆದು ತಿಳಿಸುವುದು ಅದರ ಕ್ರಮ. ಯುನೆಸ್ಕೊ ನೆರವಿನಿಂದ ಆಕಾಶವಾಣಿ ಇದನ್ನು ಮರಾಠಿ ಹಳ್ಳಿಗಳಲ್ಲಿ ಪ್ರಯೋಗಿಸಿತು. ಸುಮಾರು 150 ಹಳ್ಳಿಗಳಲ್ಲಿ ಕೂಟಗಳು ರಚನೆಯಾದವು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ವಾರಕ್ಕೆರಡು ಸಲ ಅರ್ಧಗಂಟೆಯಂತೆ, 20 ಕಾರ್ಯಕ್ರಮಗಳು ಪ್ರಸಾರವಾದವು. ಕೂಟಕ್ಕೊಬ್ಬ ಅಧ್ಯಕ್ಷ, ಒಬ್ಬ ಸಂಚಾಲಕ. ಕೂಟಗಳು ಕಳುಹಿಸಿದ ಪ್ರಶ್ನೆಗಳಿಗೆ ಮುಂದಿನ ಕಾರ್ಯಕ್ರಮಗಳಲ್ಲಿ ಉತ್ತರ.

ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಇದರ ಫಲವನ್ನು ಅಳೆದರು. ಅವರು ಬುದ್ಧಿವಂತಿಕೆಯಿಂದ ಮೂರು ಬಗೆಯ ಹಳ್ಳಿಗಳನ್ನು ಹೋಲಿಸಿದರು: ಕೂಟವಿದ್ದ ಹಳ್ಳಿಗಳು, ರೇಡಿಯೊ ಇದ್ದರೂ ಕೂಟವಿಲ್ಲದ ಹಳ್ಳಿಗಳು, ರೇಡಿಯೊ ಕೂಡ ಇಲ್ಲದ ಹಳ್ಳಿಗಳು. ಕೂಟವಿದ್ದಲ್ಲಿ ಜನರ ತಿಳಿವಳಿಕೆ ಕಣ್ಣಿಗೆ ಹೊಡೆಯುವಷ್ಟು ಬೆಳೆದಿತ್ತು. ರೇಡಿಯೊ ಮಾತ್ರ ಇದ್ದಲ್ಲಿ ಬೆಳವಣಿಗೆ ನಗಣ್ಯ. ಅದೇ ಕಾರ್ಯಕ್ರಮ, ಅದೇ ದನಿ, ಅದೇ ಭಾಷೆ. ವ್ಯತ್ಯಾಸವಿದ್ದದ್ದು ಕೇಳಿದ ಮೇಲೆ ಒಟ್ಟಿಗೆ ಮಾತನಾಡಿದ್ದರಲ್ಲಿ, ಮಾತನಾಡಿದ್ದನ್ನು ನಿಲಯ ಕೇಳಿಸಿಕೊಂಡದ್ದರಲ್ಲಿ.

ಬಾನುಲಿಯ ಬಗೆಗೆ ನಮ್ಮ ದೇಶದಲ್ಲಿ ನಡೆದ ಅಧ್ಯಯನಗಳಲ್ಲಿ ಇದಕ್ಕಿಂತ ಮಹತ್ವದ್ದು ಇನ್ನೊಂದಿಲ್ಲವೆಂದು ನನ್ನ ಭಾವನೆ. 1959ರಲ್ಲಿ ಸರ್ಕಾರ ಈ ಯೋಜನೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ಸಾವಿರಾರು ಕೂಟಗಳು ಹುಟ್ಟಿಕೊಂಡವು. ಆದರೆ 150 ಹಳ್ಳಿಗಳಿಗೆ ಕೊಟ್ಟ ಗಮನವನ್ನು ಸಾವಿರಾರು ಹಳ್ಳಿಗಳಿಗೆ ಕೊಡುವ ಸಿಬ್ಬಂದಿಯನ್ನು ಯಾರೂ ನೇಮಿಸಲಿಲ್ಲ. ಕೂಟಗಳು ಕ್ರಮೇಣ ಕಡತಗಳಲ್ಲಿ ಮಾತ್ರ ಉಳಿದವು. ಆದರೂ ಬಿತ್ತಿದ್ದೆಲ್ಲ ಬಂಡೆಯ ಮೇಲೆ ಬೀಳಲಿಲ್ಲ. 1960ರ ದಶಕದಲ್ಲಿ ತಂಜಾವೂರಿನ ರೈತರು ಎ.ಡಿ.ಟಿ.–27 ಎಂಬ ಹೊಸ ಭತ್ತದ ತಳಿಯನ್ನು ಬಾನುಲಿಯಲ್ಲಿ ಕೇಳಿ ತಿಳಿದು ಬೆಳೆದರು. ಅದಕ್ಕೆ ಅವರಿಟ್ಟ ಹೆಸರು 'ರೇಡಿಯೊ ಭತ್ತ'. ಒಂದು ಸಾರ್ವಜನಿಕ ಸಂಸ್ಥೆಗೆ ಜನ ಕೊಡಬಹುದಾದ ಬಿರುದುಗಳಲ್ಲಿ ಇದು ಅತ್ಯುತ್ತಮವಾದದ್ದಲ್ಲವೆ!

ಪುಣೆಯ ಪ್ರಯೋಗಕ್ಕೆ ಒಂಬತ್ತು ವರ್ಷ ಮೊದಲೇ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಧರ್ಮಕೇಂದ್ರದ ಸಹಾಯಕ ಗುರುವೊಬ್ಬರು ಇದೇ ಸತ್ಯವನ್ನು ತಮ್ಮದೇ ದಾರಿಯಲ್ಲಿ ಕಂಡುಕೊಂಡಿದ್ದರು. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೆಟ್ಟಗಾಡಿನಲ್ಲಿ ಸುತತೆನ್ಸಾ ಎಂಬ ಹಳ್ಳಿಯಿದೆ. 1947ರಲ್ಲಿ ಅಲ್ಲಿಗೆ ಬಂದ ಯುವಗುರು ಹೊಸೆ ಹೊವಾಕಿನ್ ಸಾಲ್ಸೆದೊ. ಜನರಲ್ಲಿ ಬಹುಪಾಲು ನಿರಕ್ಷರಿಗಳು. ಮನೆಗಳು ಬೆಟ್ಟದ ಇಳಿಜಾರಿನಲ್ಲಿ ಒಂದಕ್ಕೊಂದು ದೂರ. ಎಲ್ಲರನ್ನೂ ಒಂದು ಶಾಲೆಗೆ ಕರೆತರುವುದು ಸಾಧ್ಯವಿರಲಿಲ್ಲ. ಸಾಲ್ಸೆದೊ ಅವರು 90 ವ್ಯಾಟ್ ಶಕ್ತಿಯ ಸಣ್ಣ ಪ್ರೇಷಕವೊಂದನ್ನು ಹೂಡಿ, ಶಾಲೆಯನ್ನೇ ಮನೆಗಳಿಗೆ ಕಳುಹಿಸಿದರು. ಬ್ಯಾಟರಿಯ ಸೆಟ್ಟಿನ ಸುತ್ತ ಮನೆಯವರೂ ನೆರೆಯವರೂ ಕೂಡುತ್ತಿದ್ದರು. ಅವರಲ್ಲಿ ಓದುಬರಹ ಬಲ್ಲ ಒಬ್ಬರು, ಎಷ್ಟೋ ಸಲ ಮನೆಯ ಮಗಳೇ, ಬಾನುಲಿಯ ಮೇಷ್ಟ್ರು ಹೇಳಿದ ಅಕ್ಷರವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಅಕ್ಷರ, ಲೆಕ್ಕ, ಆರೋಗ್ಯ, ದುಡಿಮೆ, ಅಧ್ಯಾತ್ಮ ಇವು ಐದು ಪಾಠಗಳು. ಜಪಸರ ಮುಗಿಸಿ ಅಕ್ಷರ ತಿದ್ದಲು ಕುಳಿತ ಆ ಕುಟುಂಬಗಳನ್ನು ಕಲ್ಪಿಸಿಕೊಳ್ಳಲು ನಮ್ಮ ವಾಚಕರಿಗೆ ಕಷ್ಟವಾಗದು.

ಅಕ್ಷರ ಕಲಿತವರು ಮೊದಲು ಮಾಡಿದ ಕೆಲಸ ನಿಲಯಕ್ಕೆ ಪತ್ರ ಬರೆಯುವುದು. ದಶಕಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪತ್ರಗಳು ಬಂದವು. ಒಂದೊಂದಕ್ಕೂ ಉತ್ತರ ಬರೆಯಲು ನಿಲಯದಲ್ಲಿ ಪ್ರತ್ಯೇಕ ಸಿಬ್ಬಂದಿಯಿದ್ದರು. ಆ ಪತ್ರರಾಶಿಯನ್ನು ಇಂದು ಬೊಗೋಟ ನಗರದ ಲೂಯಿಸ್ ಆಂಖೆಲ್ ಅರಾಂಗೊ ಗ್ರಂಥಾಲಯದಲ್ಲಿ ಕಾಪಾಡಿದ್ದಾರೆ.

ಆದರೆ ಸುತತೆನ್ಸಾದ ಕಥೆಯೂ ಮೈಸೂರಿನ ದಾರಿಯನ್ನೇ ಹಿಡಿಯಿತು. ಯಶಸ್ಸು ಬಂದಂತೆ ನಿಲಯ ಬೆಳೆಯಿತು. ಆಡಳಿತ ರಾಜಧಾನಿಗೆ ಸರಿಯಿತು. 90 ವ್ಯಾಟ್ ನೂರಾರು ಕಿಲೊವ್ಯಾಟ್ ಆಯಿತು. ಅದನ್ನು ಉಳಿಸಿಕೊಳ್ಳಲು ವಿದೇಶದ ನೆರವು, ಸರ್ಕಾರದ ಗುತ್ತಿಗೆ, ಸಾಲ ಎಲ್ಲವೂ ಬೇಕಾದವು. ಅವು ಒಂದೊಂದಾಗಿ ಕೈಬಿಟ್ಟಾಗ, 1989ರಲ್ಲಿ ನಿಲಯಗಳು ವಾಣಿಜ್ಯ ಸಂಸ್ಥೆಯೊಂದಕ್ಕೆ ಮಾರಾಟವಾದವು. ಬೆಟ್ಟದ ಮನೆಗಳಲ್ಲಿ ಮಗಳು ಅಕ್ಷರ ಬರೆದು ತೋರಿಸುವುದಕ್ಕೆ ಅಷ್ಟು ದೊಡ್ಡ ಯಂತ್ರ ಬೇಕಾಗಿತ್ತೇ ಎಂದು ಕೇಳಿದವರು ಅಂದು ಕೆಲವರಿದ್ದಿರಬಹುದು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಾಮಾಜಿಕ ಸಂಪರ್ಕ ಮಾಧ್ಯಮಗಳನ್ನು ಕುರಿತು ತನ್ನ ಆಜ್ಞಾಪತ್ರವನ್ನು ಹೊರಡಿಸಿತು. ಆ ಹೊತ್ತಿಗೆ ಸುತತೆನ್ಸಾದ ಮಾದರಿ ಲ್ಯಾಟಿನ್ ಅಮೆರಿಕದ ಹಲವು ದೇಶಗಳಿಗೆ ಹಬ್ಬಿಯಾಗಿತ್ತು. ದಾಖಲೆ ಬರುವ ಮೊದಲೇ ದುಡಿಮೆ ನಡೆದಿತ್ತೆಂಬುದು ಸಂತೋಷದ ವಿಷಯ.

ಭಾರತಕ್ಕೆ ಮರಳೋಣ. ಸರ್ಕಾರದ ಕೈಯಲ್ಲಿರುವ ಬಾನುಲಿ ಜನರಿಗೆ ಓಗೊಡದೆ ಸರ್ಕಾರಕ್ಕೆ ಮಾತ್ರ ಓಗೊಟ್ಟರೆ ಏನಾಗುತ್ತದೆಂಬುದನ್ನು 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿ ತೋರಿಸಿತು. 'ಆಲ್ ಇಂಡಿಯಾ ರೇಡಿಯೊ' ಎಂಬುದನ್ನು ಜನ 'ಆಲ್ ಇಂದಿರಾ ರೇಡಿಯೊ' ಎಂದು ತಿರುಚಿದ್ದು ಆಗ. ನಂಬಿಕೆ ಕಳೆದುಹೋದದ್ದು ಎರಡು ವರ್ಷಗಳಲ್ಲಿ. ಸಂಸ್ಥೆಗೆ ಸ್ವಾಯತ್ತತೆ ಕೊಡುವ ಕಾನೂನು ಬರಲು 1990ರವರೆಗೆ, ಅದು ಜಾರಿಗೆ ಬರಲು 1997ರವರೆಗೆ ಕಾಯಬೇಕಾಯಿತು. ಪ್ರಸಾರ ಭಾರತಿ ಎಷ್ಟರಮಟ್ಟಿಗೆ ನಿಜವಾಗಿ ಸ್ವಾಯತ್ತವೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಅದೇ ಕಾಲದಲ್ಲಿ, ದಿಲ್ಲಿಯ ಗದ್ದಲದಿಂದ ದೂರ, ಆಕಾಶವಾಣಿ ತನ್ನ ಅತ್ಯುತ್ತಮ ಕೆಲಸಗಳಲ್ಲೊಂದನ್ನು ನಮ್ಮ ಕರಾವಳಿಯಲ್ಲಿ ಕೈಗೊಂಡಿತು. 1976ರ ಡಿಸೆಂಬರ್ 11ರಂದು ಮಂಗಳೂರು ನಿಲಯ ಆರಂಭವಾಯಿತು. ಸ್ಟುಡಿಯೊ ಕದ್ರಿಯ ಗುಡ್ಡದಲ್ಲಿ, ಪ್ರೇಷಕ ಬ್ರಹ್ಮಾವರದಲ್ಲಿ. ಕನ್ನಡದೊಂದಿಗೆ ತುಳು, ಕೊಂಕಣಿ ಭಾಷೆಗಳಿಗೂ ಅಲ್ಲಿ ಎಡೆ ದೊರೆಯಿತು. ಮನೆಯೊಳಗೆ, ಗದ್ದೆಯಲ್ಲಿ, ಇಗರ್ಜಿಯ ಅಂಗಳದಲ್ಲಿ ಆಡುವ ಮಾತು ಸರ್ಕಾರಿ ಕಟ್ಟಡದ ಮೈಕಿನ ಮುಂದೆಯೂ ಆಡಬಹುದಾದ ಮಾತು ಎಂದು ತಿಳಿದಾಗ, ಆಡುವವರ ಬೆನ್ನು ಸ್ವಲ್ಪ ನೇರವಾಗುತ್ತದೆ. ಕೊಂಕಣಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿದ್ದು 1992ರಲ್ಲಿ. ತುಳು ಇನ್ನೂ ಹೊರಗಿದೆ. ಬಾನುಲಿ ಅಷ್ಟು ಕಾಲ ಕಾಯಲಿಲ್ಲ. ಮುಂದೆ 1990ರ ದಶಕದಲ್ಲಿ ತೆರೆದ ಮಡಿಕೇರಿ ನಿಲಯ ಕೊಡವ, ಅರೆಭಾಷೆಗಳಿಗೂ ಹೀಗೆಯೇ ಬಾಗಿಲು ತೆರೆಯಿತು.

ಇನ್ನು ಕಾನೂನಿನ ಕಡೆಯಿಂದ ಬಂದ ತಿರುವು. 1995ರ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯ, ಕ್ರಿಕೆಟ್ ಪ್ರಸಾರದ ಹಕ್ಕನ್ನು ಕುರಿತ ಮೊಕದ್ದಮೆಯಲ್ಲಿ, ಗಾಳಿಯ ತರಂಗಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. ಕ್ರಿಕೆಟ್ಟಿನ ಜಗಳದಿಂದ ಬಡವರಿಗೂ ಒಂದು ಉಪಕಾರವಾದ ಅಪರೂಪದ ಪ್ರಸಂಗವಿದು. ಮರುವರ್ಷ, 1996ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ 'ವಾಯ್ಸಸ್' ಸಂಸ್ಥೆ ಕರೆದ ಸಭೆಯಲ್ಲಿ ಸಮುದಾಯಗಳಿಗೂ ಬಾನುಲಿ ನಡೆಸುವ ಹಕ್ಕು ಬೇಕೆಂಬ ಘೋಷಣೆ ಹೊರಬಂತು. ಅದು 'ಬೆಂಗಳೂರು ಘೋಷಣೆ' ಎಂದೇ ಹೆಸರಾಗಿದೆ.

ಅನುಮತಿ ಬರುವವರೆಗೆ ಕಾಯದೆ ಕೆಲಸ ಆರಂಭಿಸಿದ ಊರು ಕೋಲಾರ ಜಿಲ್ಲೆಯ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರೆಂದು ಚರಿತ್ರೆಯ ಪುಸ್ತಕಗಳಲ್ಲಿ ಅದರ ಹೆಸರು ಬರುತ್ತದೆ. ಅಲ್ಲಿ ವಾಯ್ಸಸ್, ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ 'ನಮ್ಮ ಧ್ವನಿ' ಎಂಬ ಕೇಂದ್ರವನ್ನು ತೆರೆದವು. ಗಾಳಿಯಲ್ಲಿ ಪ್ರಸಾರ ಮಾಡಲು ಪರವಾನಗಿಯಿಲ್ಲ, ಮಾಡಿದರೆ ಅಪರಾಧ. ಆದ್ದರಿಂದ ಮೊದಮೊದಲು ಊರಿನವರೇ ಧ್ವನಿಮುದ್ರಿಸಿದ ಕಾರ್ಯಕ್ರಮಗಳನ್ನು ಧ್ವನಿವರ್ಧಕದಲ್ಲಿ ಕೇಳಿಸಿದರು, 2003ರಲ್ಲಿ ಟಿ.ವಿ.ಗೆಂದು ಮನೆಮನೆಗೆ ಎಳೆದಿದ್ದ ಕೇಬಲ್ಲಿನಲ್ಲಿಯೇ ದನಿಯನ್ನು ಹರಿಸಿದರು. ಬಾನುಲಿಗೆ ಬಾನು ನಿಷೇಧವಾದಾಗ ಅದು ತಂತಿಯ ಮೇಲೆ ನಡೆದುಬಂತು! ಮೈಕು ಹಿಡಿದವರಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು, ಶಾಲೆ ಬಿಟ್ಟ ತರುಣ ತರುಣಿಯರು ಇದ್ದರು. ಪಂಚಾಯಿತಿ ರೇಡಿಯೊದ ಕಾಲದಲ್ಲಿ ಚಾವಡಿಯ ಅಂಚಿನಲ್ಲಿ ನಿಂತು ಕೇಳುತ್ತಿದ್ದ ಹೆಣ್ಣುಮಕ್ಕಳು, ಅಥವಾ ಅಲ್ಲಿಗೂ ಬರಲಾಗದೆ ಮನೆಯಲ್ಲೇ ಉಳಿಯುತ್ತಿದ್ದವರು, ಇಲ್ಲಿ ಮಾತನಾಡುವವರಾದರು. ಚಾವಡಿಯ ಬಗೆಗೆ ಹಳೆಯ ನೆನಪಿನ ಸವಿಯಲ್ಲಿ ಬರೆಯುವಾಗ ನಾವು ಇದನ್ನು ಮರೆತುಬಿಡುತ್ತೇವೆ.

ಸರ್ಕಾರ ಮೊದಲು 2002ರಲ್ಲಿ ವಿದ್ಯಾಸಂಸ್ಥೆಗಳಿಗೆ, ಬಳಿಕ 2006ರ ನವೆಂಬರ್‌ನಲ್ಲಿ ಲಾಭೋದ್ದೇಶವಿಲ್ಲದ ಸಂಘಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅವಕಾಶ ಕೊಟ್ಟಿತು. 2008ರ ಅಕ್ಟೋಬರ್‌ನಲ್ಲಿ ಮೇದಕ್ ಜಿಲ್ಲೆಯ ಪಸ್ತಾಪುರದ ಬಳಿ ದಲಿತ ಮಹಿಳೆಯರು ನಡೆಸುವ 'ಸಂಗಮ್ ರೇಡಿಯೊ' ಹೀಗೆ ಪ್ರಸಾರ ಆರಂಭಿಸಿತು. ಮಂಗಳೂರಿನಲ್ಲಿ ಯೇಸುಸಭೆಯ ಗುರುಗಳು ನಡೆಸುವ ಸಂತ ಅಲೋಶಿಯಸ್ ಕಾಲೇಜು 2009ರಲ್ಲಿ 107.8 ಕಂಪನಾಂಕದಲ್ಲಿ 'ರೇಡಿಯೊ ಸಾರಂಗ್' ತೆರೆಯಿತು. ಅದು ಧರ್ಮೋಪದೇಶಕ್ಕೆಂದು ಕಟ್ಟಿದ ನಿಲಯವಲ್ಲ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತನಾಡುವ ಎಲ್ಲ ನೆರೆಯವರದು. ಹೆಗ್ಗಡದೇವನಕೋಟೆಯ ಕಡೆ, ಸರಗೂರಿನಲ್ಲಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ 'ಜನಧ್ವನಿ' ಕಾಡಂಚಿನ ಹಾಡಿಗಳ ಜನರಿಗೆ ಅವರದೇ ದನಿಯನ್ನು ಕೇಳಿಸುತ್ತಿದೆ.

ಈ ನಿಲಯಗಳಿಗೆ ಒಂದು ವಿಚಿತ್ರ ಕಟ್ಟುಪಾಡಿದೆ: ಸುದ್ದಿಯನ್ನು ತಾವೇ ಸಿದ್ಧಪಡಿಸಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದು, ಅಷ್ಟೆ. ನೆರೆಯ ಹೊಳೆಗೆ ಪ್ರವಾಹ ಬಂದಿದೆಯೆಂದು ಎಚ್ಚರಿಸಬಹುದು, ಯಾವ ಬೆಳೆಗೆ ಯಾವ ರೋಗವೆಂದು ತಿಳಿಸಬಹುದು. ಪಂಚಾಯಿತಿಯ ಸಭೆಯಲ್ಲಿ ಯಾರು ಏನೆಂದರೆಂಬ ವಾರ್ತೆ ಓದಿದರೆ ತಪ್ಪಾಗುತ್ತದೆ. ಪತ್ರಿಕೆಗೆ, ಟಿ.ವಿ.ಗೆ, ಕೈಯಲ್ಲಿರುವ ಮೊಬೈಲಿಗೆ ಇಲ್ಲದ ಈ ಅಂಕೆ ಹತ್ತು ಕಿಲೊಮೀಟರ್ ಮುಟ್ಟುವ ಪುಟ್ಟ ಬಾನುಲಿಗೇಕೆ ಎಂಬುದಕ್ಕೆ ತೃಪ್ತಿಕರವಾದ ಉತ್ತರ ದೊರೆತಿಲ್ಲ.

ಇತ್ತ ಆಕಾಶವಾಣಿಯಲ್ಲಿಯೂ ಬದಲಾವಣೆಯ ಗಾಳಿ ಬೀಸಿದೆ. ದೇಶದ ಹಲವೆಡೆ ಹಳೆಯ ಮಧ್ಯಮ ತರಂಗದ ಪ್ರೇಷಕಗಳನ್ನು ಹಂತಹಂತವಾಗಿ ನಿಲ್ಲಿಸಲಾಗಿದೆ. ಮೊಬೈಲಿನ ಆ್ಯಪ್ ಮೂಲಕ ದುಬೈಯಲ್ಲಿ, ಕುವೈತಿನಲ್ಲಿ ದುಡಿಯುವ ನಮ್ಮವರು ಊರಿನ ನಿಲಯವನ್ನು ಕೇಳಬಹುದಾಗಿದೆ. ಇದು ಗೋಪಾಲಸ್ವಾಮಿಯವರು ಕನಸಿನಲ್ಲಿಯೂ ಕಂಡಿರಲಾರದ ಸೌಲಭ್ಯ. ಆದರೆ ಕೇಳುವ ದಾರಿ ಎಷ್ಟು ವಿಶಾಲವಾದರೂ, ಊರಿನ ನಿಲಯದಲ್ಲಿ ಊರಿನವರು ಕುಳಿತು ಸಿದ್ಧಪಡಿಸಿದ ಕಾರ್ಯಕ್ರಮವೇ ಇಲ್ಲದಿದ್ದರೆ ಕುವೈತಿನಲ್ಲಿ ಕೇಳುವುದೇನನ್ನು? 1955ರಲ್ಲಿ ಮೈಸೂರಿನಲ್ಲಿ ಮಾಡಿದ ಲೆಕ್ಕವನ್ನೇ ಮತ್ತೆ ಮಾಡುವ ಆಸೆ ಆಡಳಿತಗಾರರಿಗೆ ಆಗಾಗ ಬರುತ್ತಲೇ ಇರುತ್ತದೆ.

ಧರ್ಮಕೇಂದ್ರದ ಸಂಘಗಳಲ್ಲಿ, ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಇರುವ ವಾಚಕರ ಗಮನಕ್ಕೆ 2006ರ ನಿಯಮಾವಳಿಯ ಒಂದೆರಡು ಅಂಶಗಳನ್ನು ತರುವುದು ಅಪ್ರಸ್ತುತವಾಗಲಾರದು. ನೋಂದಾಯಿತ ಸೇವಾಸಂಸ್ಥೆಯಾಗಲಿ ಕಾಲೇಜಾಗಲಿ ಅರ್ಜಿ ಸಲ್ಲಿಸಬಹುದು. ಪ್ರಸಾರದ ಶಕ್ತಿ 100 ವ್ಯಾಟ್ ಮೀರಬಾರದು, ಕಂಬದ ಎತ್ತರ 30 ಮೀಟರ್ ಮೀರಬಾರದು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಸ್ಥಳೀಯ ಜನರ ಸಹಭಾಗಿತ್ವದಿಂದಲೇ ಸಿದ್ಧವಾಗಿರಬೇಕು. ಸುತತೆನ್ಸಾದ 90 ವ್ಯಾಟ್ ಈ ಮಿತಿಯೊಳಗೆ ಬರುತ್ತದೆ; ವಿಠಲ ವಿಹಾರದ 30 ವ್ಯಾಟ್‌ನ ಮೂರು ಯಂತ್ರಗಳನ್ನು ಕೂಡಿಸಿದರೂ ಇನ್ನೂ ಹತ್ತು ವ್ಯಾಟ್ ಉಳಿಯುತ್ತದೆ.